ಹಾಸ್ಟೆಲ್ ಅಂಗಳದಲ್ಲಿ ಬಿದ್ದ ಅಪ್ಪ

ಚಪ್ಪಡಿ ಒದ್ದೆಯಿರಲಿಲ್ಲ. ಯಗಟಿಯ ಸಿದ್ದಪ್ಪ ಜಾರಿ ಬೀಳಲೂ ಇಲ್ಲ, ಅವನ ಮಗಳು ಅವನನ್ನು ಬೀಳಿಸಲೂ ಇಲ್ಲ. ತನ್ನ ಎಳೆತಕ್ಕೆ ತಾನೇ ಬಿದ್ದ.

1982ರ ಮಾತು. ಅಜ್ಜಂಪುರದಲ್ಲಿ ಮೂರನೇ ಕ್ಲಾಸಿಗೆ ಓದು ಬಿಟ್ಟವಳು ನಾನು. ಆಗ ಕಡೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆಯಾ. ಅಡುಗೆ, ಕಸ, ಕಾವಲು ಎಲ್ಲ ನನ್ನದೇ. ಆ ವರ್ಷ ರೈಲ್ವೆಯ ನಿವೃತ್ತ ಗಾರ್ಡ್ ಒಬ್ಬರು ಬಂದು, ಕಲ್ಕತ್ತೆಯಲ್ಲಿ ಚೀನಿಯರಿಂದ ಕಲಿತ ತಾಯ್ ಚಿ ಎಂಬ ವಿದ್ಯೆಯನ್ನು ಹುಡುಗಿಯರಿಗೆ ಬಿಟ್ಟಿಯಾಗಿ ಹೇಳಿಕೊಡುತ್ತೇನೆ ಎಂದರು. ವಾರ್ಡನ್ ಮೇಡಂ ಒಪ್ಪಿದರು. ಬಿಟ್ಟಿ ಎಂದ ಕೂಡಲೇ ನನಗೆ ಅನುಮಾನ. ಅದರಲ್ಲೂ ಪುಶ್ ಹ್ಯಾಂಡ್ಸ್ ಎಂಬ ಅಭ್ಯಾಸ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಬೇಕು. ಒಬ್ಬರು ನೂಕಿದರೆ ಇನ್ನೊಬ್ಬರು ಎದುರು ನೂಕಬಾರದು. ಬಂದ ಬಲದ ಜೊತೆಗೇ ಹೋಗಿ ಅದನ್ನು ಪಕ್ಕಕ್ಕೆ ತಿರುಗಿಸಬೇಕು. ಎಳೆದರೂ ಹಾಗೆಯೇ.

"ನೀವು ಹುಡ್ಗೀರ ಕೈ ಮುಟ್ಟಂಗಿಲ್ಲ" ಎಂದೆ.

"ಆಗ್ಲಿ ಬಿಡಮ್ಮ" ಎಂದರು.

ಅಷ್ಟು ಸಲೀಸಾಗಿ ಒಪ್ಪಿದ್ದು ಇನ್ನೂ ಅನುಮಾನ ತಂದಿತು. ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕಿ ಆರಿಸುವ ನೆವದಲ್ಲಿ ಅಲ್ಲೇ ಕೂತೆ. ಅವರು ಬಾಗಿಲು ತೋರಿಸಿ ಪಾಠ ಹೇಳುತ್ತಿದ್ದರು: ಒರಗಿ ನಿಂತವನು, ಒಳಗಿನವರು ಚಿಲಕ ತೆಗೆದರೆ ಬೀಳುತ್ತಾನೆ, ಬೀಳಿಸಿದ್ದು ಯಾರು? ಹುಡುಗಿಯರು ಒಬ್ಬರನ್ನೊಬ್ಬರು ನೂಕಿ ತೂರಾಡುವುದು ನನಗೆ ನಾಟಕದಂತೆ ಕಾಣುತ್ತಿತ್ತು. ಗಾರ್ಡ್ ಮುಖ ನೋಡಿ ಬೇಕೆಂದೇ ಬೀಳುತ್ತಾರೆ ಎಂದುಕೊಂಡೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ ಸಿದ್ದಪ್ಪ ಬಂದ. ಕುರಿ ಸಾಕುವವನು, ದಪ್ಪ ತೋಳಿನವನು. ಮುದುಕನೊಬ್ಬ ಹುಡುಗಿಯರ ಕೈ ಹಿಡಿದು ಕುಣಿಸುತ್ತಾನೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಮಗಳು ಗಂಗೆ ಅಂಗಳದಲ್ಲಿ ಓದುತ್ತಿದ್ದಳು. ಓದಿದ್ದು ಸಾಕು ಎಂದು ಮಣಿಕಟ್ಟು ಹಿಡಿದು ಎಳೆದ. ಅವಳು ಎದುರು ಎಳೆಯಲಿಲ್ಲ. ಅವನು ಎಳೆದ ಕಡೆಗೇ, ಅವನಿಗಿಂತ ಬೇಗ ಹೆಜ್ಜೆ ಹಾಕಿ ಸೊಂಟ ತಿರುಗಿಸಿದಳು. ನೋಡಿದರೆ ಸಿದ್ದಪ್ಪ ಚಪ್ಪಡಿಯ ಮೇಲೆ ಕೂತಿದ್ದ, ರುಮಾಲು ಅಷ್ಟು ದೂರ ಉರುಳಿತ್ತು. ಹುಡುಗಿಯೊಬ್ಬಳು ಕಿಸಕ್ಕೆಂದಳು. ಕೆಟ್ಟದ್ದು ಅಲ್ಲೇ.

"ಹೆತ್ತಪ್ಪನ್ನೇ ಕೆಡವೋದು ಕಲ್ತಿದೀಯೇನೇ? ತಗೊಳ್ಳೇ ಟ್ರಂಕು. ಪರೀಕ್ಷೆನೂ ಬ್ಯಾಡ, ಏನೂ ಬ್ಯಾಡ."

ಅಡ್ಡ ನಿಂತರೆ ನನ್ನನ್ನೂ ನೂಕಿಕೊಂಡು ಹೋಗುವ ಸಿಟ್ಟು ಅದು. ಇವತ್ತು ಹೋದರೆ ಗಂಗೆ ತಿರುಗಿ ಬರುವವಳಲ್ಲ. ನಾನೇ ಟ್ರಂಕ್ ತಂದು ಅವನ ಮುಂದಿಟ್ಟೆ.

"ಕರ್ಕೊಂಡು ಹೋಗಪ್ಪ, ನಿನ್ ಮಗಳು. ಪರೀಕ್ಷೆ ಮುಂದಿಟ್ಕೊಂಡು ಯಾಕ್ ಕರ್ಕೊಂಬಂದೆ ಅಂತ ಬಸ್ಸಲ್ಲೇ ಕೇಳ್ತಾರೆ. ಏನಂತೀಯ?"

ಅವನು ಟ್ರಂಕಿಗೆ ಚಾಚಿದ ಕೈ ಹಿಂತೆಗೆದ. ನಾನೇ ಹೇಳಿದೆ:

"ಚಪ್ಪಡಿ ಒದ್ದೆ ಇತ್ತು, ನೀನು ಜಾರ್ದೆ. ತೊಳ್ದೋಳು ನಾನು. ಬೈಯೋದಾದ್ರೆ ನಂಗ್ ಬೈ."

ಅವನು ಚಪ್ಪಡಿ ನೋಡಿದ, ನನ್ನ ಮುಖ ನೋಡಿದ. ಬಿಸಿಲಿಗೆ ಕಾದ ಕಲ್ಲು. ಆಮೇಲೆ ನನ್ನನ್ನು ಬೈಯಲು ಶುರುಮಾಡಿದ. ನನ್ನ ತವರಿನವರೆಗೂ ಹೋಯಿತು. ವಾರ್ಡನ್ ಮೇಡಂ ಬಂದು ಅವರೂ ನನಗೇ ಬೈದರು. ಹೂಂ ಎಂದು ಕೇಳಿಸಿಕೊಂಡೆ. ಸುಸ್ತಾದ ಮೇಲೆ ಸಿದ್ದಪ್ಪ ಗೇಟಿನ ಹತ್ತಿರ ದನಿ ತಗ್ಗಿಸಿದ.

"ಆ ಮುದ್ಕ ಕೈ ಹಿಡೀತಾನಾ?"

"ಹಿಡ್ದಿದ್ರೆ ಅವ್ನ ಕೈ ಇರ್ತಿತ್ತಾ?"

ಒಬ್ಬನೇ ಬಸ್ಸು ಹತ್ತಿದ.

ಸಂಜೆ ಗಂಗೆಯನ್ನು ಕೇಳಿದೆ, ಬೇಕಂತಲೇ ಕೆಡವಿದೆಯಾ ಎಂದು. ಕೈ ಹೋದ ಕಡೆ ಹೋದೆ ಅಷ್ಟೇ ಎಂದಳು. ನಾನು ನಂಬಲಿಲ್ಲ. ಸಿಟ್ಟಿನಲ್ಲಿ ಬಂದವರಿಗೆ ಅಡ್ಡ ನಿಲ್ಲಬಾರದು, ಮರ್ಯಾದೆಯಿಂದ ಹೋಗಲು ಒಂದು ದಾರಿ ಬಿಡಬೇಕು ಎಂದು ಈಗ ಹೇಳಬಲ್ಲೆ. ಆಯಾ ಕೆಲಸ ನನಗೆ ಕಲಿಸಿದ್ದು ಅದನ್ನೇ. ಅವತ್ತು ನನ್ನ ತಲೆಯಲ್ಲಿದ್ದದ್ದು ಅನುಮಾನ ಒಂದೇ.

ಮರುದಿನ ಬೆಳಿಗ್ಗೆ ಗಾರ್ಡನ್ನು ಆಚೆ ನಿಲ್ಲಿಸಿ ಗಂಗೆಯ ಎದುರು ನಿಂತೆ. ಅವಳಪ್ಪ ಹಿಡಿದ ಹಾಗೇ ಮಣಿಕಟ್ಟು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಬಿದ್ದೆ. ಎದ್ದು, ಸೀರೆ ಕೊಡವಿಕೊಂಡು, ಒಲೆ ಹಚ್ಚಲು ಹೋದೆ.