ಡಬ್ಬಿ ಮಾಬ್ಲ ಮತ್ತು ಒಂದು ‘ಆತು’

ಹೊನ್ನಾವರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಾಬ್ಲ ಎಲ್ಲಿ ಎಂದು ಕೇಳಿದರೆ, ಯಾವ ಮಾಬ್ಲ ಎನ್ನುತ್ತಾರೆ. ಡಬ್ಬಿ ಮಾಬ್ಲ ಎಂದರೆ ಸಾಕು, ಬೆರಳು ತೋರಿಸುತ್ತಾರೆ.

ಡಬ್ಬಿ ಎಂದರೆ ಅವನ ಜಂಪ್ ಸ್ಟಾರ್ಟರ್. ಅಂಗೈಗಿಂತ ಸ್ವಲ್ಪ ದೊಡ್ಡದು, ಅದರಿಂದ ಹೊರಟ ಎರಡು ವೈರು, ತುದಿಗೆ ಕೆಂಪು ಮತ್ತು ಕಪ್ಪು ಕ್ಲಿಪ್ಪು. ಕಾರಿನ ಬ್ಯಾಟರಿ ಕೈಕೊಟ್ಟಾಗ ಎಂಜಿನ್ನಿಗೆ ಒಂದು ಗಳಿಗೆಯ ಬಲ ಕೊಟ್ಟು ಎಬ್ಬಿಸುತ್ತದೆ. ಮಾಬ್ಲ ಅದನ್ನು ಕೂಸಿನ ಹಾಗೆ ನೋಡಿಕೊಂಡಿದ್ದ. ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂದೂ ಬಿಡುತ್ತಿರಲಿಲ್ಲ. ಸೆಕೆಗೆ ಒಳಗಿನ ಬ್ಯಾಟರಿ ಉಬ್ಬುತ್ತದೆ. ಬಳಸಲಿ ಬಿಡಲಿ, ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತಿದ್ದ. ಕೆಂಪು ಕ್ಲಿಪ್ಪು ಮೊದಲು, ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಆಮೇಲೆ, ಬ್ಯಾಟರಿಯಿಂದ ದೂರದ ಬರಿಯ ಕಬ್ಬಿಣಕ್ಕೆ. ಎಂಜಿನ್ ಎದ್ದ ಕೂಡಲೇ ಎರಡನ್ನೂ ಬಿಚ್ಚಬೇಕು. ಬೆಳಿಗ್ಗೆ ಚಾ ಕುಡಿಯುವ ಮೊದಲೇ ಗುಂಡಿ ಒತ್ತಿ, ಚಾರ್ಜ್ ತೋರಿಸುವ ನಾಲ್ಕು ದೀಪವೂ ಹೊತ್ತಿದ್ದನ್ನು ನೋಡಿದರೇ ಅವನಿಗೆ ಸಮಾಧಾನ.

ಸ್ಟ್ಯಾಂಡಿನವರೆಲ್ಲ ಅದನ್ನು ಒಯ್ಯುತ್ತಿದ್ದರು, ಬರಿದು ಮಾಡಿ ತರುತ್ತಿದ್ದರು. “ಡಬ್ಬಿ ಮದ್ದಲ್ಲ ಮಾರಾಯ, ಬ್ಯಾಟರಿ ಬದ್ಲಾಯ್ಸು,” ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

“ಊರ ಕಾರೆಲ್ಲ ಎಬ್ಬಿಸ್ತ್ರಿ. ನಿಮ್ಮ ಕಾರಿನ ಬ್ಯಾಟರಿ ಕೆಮ್ತಾ ಅದೆ,” ಎಂದು ಹೆಂಡತಿ ಗಂಗಾ ಚುಚ್ಚಿದರೆ, “ಡಬ್ಬಿ ಇದ್ಯಲ್ಲ,” ಎನ್ನುತ್ತಿದ್ದ.

ಮಗಳು ಸಂಪದಾಗೆ ಕುಮಟೆಯಲ್ಲಿ ನರ್ಸಿಂಗ್ ಪ್ರವೇಶ ಪರೀಕ್ಷೆ. ಹನ್ನೊಂದಕ್ಕೆ ಗೇಟು ಹಾಕಿದರೆ ಮತ್ತೆ ತೆಗೆಯುವುದಿಲ್ಲ. ಹಿಂದಿನ ದಿನ ಡಬ್ಬಿ ಪಕ್ಕದ ಮನೆಯ ಪ್ರದೀಪನ ಹತ್ತಿರ ಇತ್ತು. ಅವನೂ ಅದೇ ಸ್ಟ್ಯಾಂಡಿನವನು, ಮದುವೆ ಬಾಡಿಗೆಗೆ ಭಟ್ಕಳಕ್ಕೆ ಹೋಗಿದ್ದ. ಮಾಬ್ಲ ಫೋನು ಮಾಡಿದ. “ಡಬ್ಬಿ ಚಾರ್ಜ್ ಮಾಡಿ ನನ್ನ ಕಾರಲ್ಲಿ ಇಡು. ನಾಳೆ ಕೂಸಿನ ಪರೀಕ್ಷೆ.”

“ಆತು ಮಾಬ್ಲಣ್ಣ.”

ಗೇರುಸೊಪ್ಪದ ಮನೆಯಿಂದ ಹೊರಡುವಾಗ ಡಬ್ಬಿ ಸೀಟಿನಡಿ ಇತ್ತು. ಬೇಲಿಯಾಚೆ ಪ್ರದೀಪ ಹಲ್ಲುಜ್ಜುತ್ತಿದ್ದ. “ಡಬ್ಬಿ ಆತಾ?” ಎಂದು ಮಾಬ್ಲ ಕೂಗಿ ಕೇಳಿದ. “ಆತು, ಆತು,” ಎಂದ ಪ್ರದೀಪ, ಬಾಯ್ತುಂಬ ನೊರೆ. ಆದರೂ ಮಾಬ್ಲನ ಕೈ ಗುಂಡಿಯತ್ತ ಹೋಯಿತು. ಅಷ್ಟರಲ್ಲಿ ಗಂಗಾ, “ಶನಿವಾರ, ಒಂಬತ್ತಕ್ಕೆ ರಾಹುಕಾಲ ಹತ್ತುತ್ತದೆ. ಮೊದ್ಲು ಹೊಸ್ತಿಲು ದಾಟಿ,” ಎಂದಳು. ಅವನು ಕೈ ಹಿಂದೆ ತೆಗೆದ.

ಕುಮಟೆ ಇನ್ನೇನು ಬಂತು ಎನ್ನುವಾಗ ಹೆದ್ದಾರಿಯ ಏರಿನಲ್ಲಿ ಗುಡ್ಡದ ಮಣ್ಣು ಜರಿದಿತ್ತು. ಕೆಂಪು ಬಾವುಟ ಎತ್ತಿ ಒಂದು ಕಡೆಯ ಗಾಡಿ ನಿಲ್ಲಿಸಿ ಇನ್ನೊಂದು ಕಡೆಯವನ್ನು ಬಿಡುತ್ತಿದ್ದರು. ಮಾಬ್ಲ ಎಂಜಿನ್ ಆರಿಸಿದ. ಸಂಪದಾ ಓದುತ್ತಿದ್ದಳೆಂದು ಫ್ಯಾನ್ ಮಾತ್ರ ಹಾಗೇ ತಿರುಗಲು ಬಿಟ್ಟ.

ಸಾಲು ಅಲುಗಿತು. ಮಾಬ್ಲ ಕೀಲಿ ತಿರುಗಿಸಿದ. ಟಿಕ್ ಎಂದಿತು, ಮತ್ತೆ ಟಿಕ್.

“ಅಪ್ಪ, ಎದುರಿಗೆ ಇರುದು ಕುಮಟೆ ಬಸ್ಸು. ಓಡಿ ಹತ್ಲಾ?”

“ಬಸ್ಸು ಎಂತಕ್ಕೆ? ಕೂತ್ಕ. ಡಬ್ಬಿ ಇದ್ಯಲ್ಲ.”

ಅವಳು ಕೂತಳು. ಮಾಬ್ಲ ಬಾನೆಟ್ ಎತ್ತಿದ, ಕೆಂಪು ಮೊದಲು, ಕಪ್ಪು ಆಮೇಲೆ, ಒಂದೂ ತಪ್ಪಲಿಲ್ಲ. ಗುಂಡಿ ಒತ್ತಿದ. ಒಂದೇ ದೀಪ ಕೆಂಪಗೆ ಎರಡು ಸಲ ಮಿನುಗಿ ಆರಿತು. ಅವನು ತಲೆ ಎತ್ತುವಾಗ ಬಸ್ಸು ಏರು ದಾಟಿ ಹೋಗಿತ್ತು.

“ಎಂತ ಮಾರಾಯ, ಇಲ್ಲೇ ಮನೆ ಕಟ್ತ್ಯಾ?” ಹಿಂದಿನ ಲಾರಿಯವನು ಹಾರ್ನ್ ಹೊಡೆದ. ನಾಲ್ಕಾರು ಜನ ಸೇರಿ ಕಾರನ್ನು ಬದಿಗೆ ನೂಕಿದರು. ಅಷ್ಟರೊಳಗೆ ಕೆಂಪು ಬಾವುಟ ಮತ್ತೆ ಎದ್ದಿತ್ತು. ಹಿಂದಿನ ಗಾಡಿಗಳು ಸರಿದು ಜಾಗ ಕೊಟ್ಟ ಮೇಲೆ, ಕಾರನ್ನು ಹಿಂದಕ್ಕೆ ಇಳಿಜಾರಿಗೆ ಬಿಟ್ಟು ರಿವರ್ಸ್ ಗೇರಿನಲ್ಲಿ ಎಬ್ಬಿಸಿದ. ಎದ್ದಿತು. ಬಾವುಟ ಇಳಿಯುವವರೆಗೆ ಅದು ಗುರುಗುಡುತ್ತ ನಿಂತೇ ಇತ್ತು.

ಪರೀಕ್ಷೆಯ ಗೇಟು ಹಾಕಿತ್ತು. “ನನ್ನ ಕೈಲಿ ಎಂತದೂ ಇಲ್ಲ,” ಎಂದ ಕಾವಲುಗಾರ. ಸಂಪದಾ ಅಳಲಿಲ್ಲ. ಹಾಲ್ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ಮರಳುವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು. ಫ್ಯಾನ್ ಹಾಕಲು ಹೋದ ಅಪ್ಪನಿಗೆ, “ಬೇಡ,” ಎಂದಳು. ಅಷ್ಟೇ.

ಸಂಜೆ ಸ್ಟ್ಯಾಂಡಿನಲ್ಲಿ ಪ್ರದೀಪ ತಲೆ ತಗ್ಗಿಸಿ ನಿಂತ. “ಚಾರ್ಜಿಗೆ ಹಾಕುದು ಮರ್ತೋತು. ನೀವು ಕೇಳಿದ್ದು ಕಾರಲ್ಲಿ ಇಟ್ಟು ಆತಾ ಅಂತ ತಿಳ್ಕಂಡೆ ಮಾಬ್ಲಣ್ಣ. ಇಟ್ಟಿದ್ದೆ. ಸುಳ್ಳು ಹೇಳ್ಲಿಲ್ಲ.”

ಹೇಳಿರಲಿಲ್ಲ, ನಿಜ. ಬಯ್ಯಲು ಹೊರಟ ಮಾಬ್ಲನಿಗೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ಎಲ್ಲಿಂದ ಹಿಡಿದರೂ ಅದು ತಾನೇ ಹತ್ತಲು ಬಿಡದ ಬಸ್ಸಿನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು.

“ಬರೂ ವರ್ಷ ಬರಿಲಿ ಬಿಡಾ,” ಎಂದ ಪಕ್ಕದ ಕಾರಿನ ಲೋಕೇಶ. ಮತ್ತೆ ಮಾಬ್ಲನ ಕಾರಿನೊಳಗೆ ಬಗ್ಗಿ, “ಡಬ್ಬಿ ಅದ್ಯಾ? ನನ್ನದು ಏಳುದಿಲ್ಲ.”

“ಇಲ್ಲ.”

“ಸೀಟಿನಡಿ ಕಾಣ್ತದ್ಯಲ್ಲಾ.”

“ಇಲ್ಲ ಅಂದೆ.”

ಮಾಬ್ಲನಿಗೆ ಸೊಕ್ಕು ಬಂತು ಎಂದು ಆ ವಾರವೇ ಸ್ಟ್ಯಾಂಡಿನಲ್ಲಿ ಮಾತಾಯಿತು.

ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ದಿನ ಮಾಬ್ಲ ಡಬ್ಬಿಯನ್ನೂ ಚಾರ್ಜಿಗೆ ಇಟ್ಟ. ಸಂಪದಾ ಬಾಗಿಲಲ್ಲಿ ಕೂತು ಅವ್ವನಿಗೆ ಬಸಳೆ ಹೆಚ್ಚಿ ಕೊಡುತ್ತಿದ್ದಳು.

“ಬರೂ ವರ್ಷ ಹಿಂದಿನ ದಿನವೇ ಕುಮಟೆಗೆ ಹೋಗಿ ಉಳ್ಕಂಬ. ನಾನೇ ಕರ್ಕಂಡು ಹೋತೆ,” ಎಂದ.

“ಆತು,” ಎಂದಳು ಅವಳು, ತಲೆ ಎತ್ತದೆ.

ಹೋಗುವ ಎಂದಳೋ, ಅದೆಲ್ಲ ಮುಗಿಯಿತು ಎಂದಳೋ. ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಗುಂಡಿ ಒತ್ತಿ ನೋಡಿದ. ನಾಲ್ಕೂ ದೀಪ ಹೊತ್ತಿದ್ದವು.