ಮುಸ್ಸಂಜೆಗೊಂದು ಸ್ಕೋಪು

ಅಮೆರಿಕದ ಮಾರ್ಗನ್ ಹಿಲ್‌ನಲ್ಲಿ ನಮ್ಮ ಮನೆಯ ಹಿತ್ತಿಲು ಮುಗಿದ ಕಡೆ ಗುಡ್ಡ ಶುರುವಾಗುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಡುಹಂದಿಗಳು ಹುಲ್ಲುಹಾಸನ್ನೆಲ್ಲ ನೇಗಿಲು ಹೊಡೆದಂತೆ ಮಗುಚಿ ಹಾಕಿದ್ದವು. ನಾನು ಚಹಾದ ಲೋಟ ಹಿಡಿದು ಪೆಚ್ಚಾಗಿ ನಿಂತಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜ ನಕ್ಕರು. ಅವರು ಅಮೆರಿಕದವರು, ಎಪ್ಪತ್ತೈದು ದಾಟಿದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಊರಿನ ಪೂರ್ವಕ್ಕೆ ಗುಡ್ಡದ ಮೇಲೆ ಅವರಿಗೆ ದನ ಮೇಯುವ ಜಮೀನಿತ್ತು.

"ಇವು ಬೈದರೆ ಹೋಗುವ ಪ್ರಾಣಿಗಳಲ್ಲ. ಬೇಟೆ ಕಲೀತೀಯಾ?" ಎಂದು ಕೇಳಿದರು.

ಕಲಿತೆ. ಪರೀಕ್ಷೆಗೆ ಕಟ್ಟಿದೆ, ಲೈಸೆನ್ಸು ತೆಗೆದುಕೊಂಡೆ, ರೈಫಲ್ಲು ಕೊಂಡೆ. ವಾರವಿಡೀ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೂತು ಮೀಟಿಂಗುಗಳಲ್ಲಿ ತಲೆಯಾಡಿಸುವ ನಾನು ಶನಿವಾರ ಮಧ್ಯಾಹ್ನವಾಯಿತೆಂದರೆ ಅಜ್ಜನ ಪಿಕಪ್ ಟ್ರಕ್ಕಿನಲ್ಲಿ ಅವರ ಪಕ್ಕ ಕೂತಿರುತ್ತಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಓಕ್ ಮರದ ಬುಡದ ಮಣ್ಣು ಇವತ್ತು ಕೆದಕಿದ್ದೋ ನಿನ್ನೆಯದೋ, ಎಲ್ಲವನ್ನೂ ಅವರು ತೋರಿಸಿಕೊಟ್ಟರು. "ನಿನ್ನ ಕಿವಿ ಚುರುಕು" ಎಂದು ಒಮ್ಮೆ ಅಂದಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಹೀಗೆ ಮೂರು ವರ್ಷ ಕಳೆಯಿತು. ಅದು ನನ್ನೊಬ್ಬನದೇ ಜಾಗವಾಗಿತ್ತು.

ನಾಲ್ಕನೆಯ ವರ್ಷ ನನ್ನ ಹೆಂಡತಿ ಬಂದಳು. ಅವಳು ಮೈಸೂರಿನವಳು, ಪಾಲೋ ಆಲ್ಟೋದಲ್ಲಿ ಕಣ್ಣಿನ ಡಾಕ್ಟರು. ಮೊದಲ ದಿನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಸುಮ್ಮನೆ ನೋಡಲು ಬಂದವಳ ಕೈಗೆ ಅಜ್ಜ ರೈಫಲ್ಲು ಕೊಟ್ಟು, ಕಾಗದದ ಗುರಿಗೆ ಹೊಡೆಸಿದರು. ಐದು ಗುಂಡು ಬಿದ್ದ ಜಾಗವನ್ನು ಫ್ಲಾಸ್ಕಿನ ಮುಚ್ಚಳದಿಂದ ಮುಚ್ಚಬಹುದಿತ್ತು. ದಿನವೂ ಸೂಕ್ಷ್ಮದರ್ಶಕದ ಕೆಳಗೆ ಪೊರೆ ತೆಗೆಯುವ ಕೈ ಅದು, ನಡುಗುವುದು ಗೊತ್ತಿಲ್ಲ. ಅಜ್ಜ ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ನನ್ನ ಯಾವ ಕಾಗದವನ್ನೂ ಅವರು ಇಟ್ಟುಕೊಂಡಿರಲಿಲ್ಲ. ಮನೆಗೆ ಮರಳುವಾಗ ಅವಳು ಅವರ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಅವರಿಬ್ಬರ ನಗು ಕೇಳುತ್ತ ಬಂದೆ. ಅವಳೂ ಲೈಸೆನ್ಸು ತೆಗೆದುಕೊಂಡಳು.

ಹೊಸ ಸ್ಕೋಪು, ಅಂದರೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಆ ದಿನಗಳಲ್ಲೇ. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಗುಂಡು ಹಾರಿಸಲು ಕಾನೂನಿನಲ್ಲಿ ಅವಕಾಶವಿತ್ತು. ಹಂದಿಗಳು ಪೊದೆಯಿಂದ ಹೊರಬರುವುದೂ ಆಗಲೇ. ನನ್ನ ಹಳೆಯ ಸ್ಕೋಪಿನಲ್ಲಿ ಅಷ್ಟು ಹೊತ್ತಿಗೆ ಎಲ್ಲವೂ ಮಸಿಯಾಗಿರುತ್ತಿತ್ತು. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪು ತೆರೆದು ಪಟ್ಟಿ ಮಾಡಿದೆ. ಮುಂದಿನ ಗಾಜು ಐವತ್ತಾರು ಮಿಲಿಮೀಟರ್ ಅಗಲವಿದ್ದ ಒಂದರ ಮೇಲೆ ಮನಸ್ಸು ನಿಂತಿತು.

ಹೆಂಡತಿ ಭುಜದ ಮೇಲಿಂದ ಇಣುಕಿದಳು. "ಇಷ್ಟು ದೊಡ್ಡ ಗಾಜು ಯಾಕ್ರೀ?"

"ದೊಡ್ಡದಿದ್ದಷ್ಟೂ ಬೆಳಕು ಜಾಸ್ತಿ ಬರ್ತದ."

"ಬರುತ್ತೆ. ಆದ್ರೆ ಅದು ಕಣ್ಣೊಳಗೆ ಹೋಗ್ಬೇಕಲ್ಲ? ನಮ್ಮ ವಯಸ್ಸಿಗೆ ಕತ್ತಲಲ್ಲಿ ಪಾಪೆ ಐದೋ ಆರೋ ಮಿಲಿಮೀಟರ್ ಅರಳಿದ್ರೆ ಹೆಚ್ಚು. ಗಾಜಿನ ಅಗಲಾನ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೋ ಅದರಿಂದ ಭಾಗಿಸಿ. ಅಷ್ಟಗಲದ ಬೆಳಕೇ ಕಣ್ಣಿಗೆ ಬರೋದು. ಇದನ್ನ ಹದಿನಾರು ಪಟ್ಟಿಗೆ ತಿರುಗಿಸಿದ್ರೆ ಮೂರೂವರೆ. ನಲವತ್ತೆರಡರ ಗಾಜು, ಆರೇ ಪಟ್ಟು ಇದ್ರೆ ಏಳು. ಸಾಕಲ್ಲ?"

ಲೆಕ್ಕ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಶನಿವಾರ ಅವಳು ಇದನ್ನೇ ಅಜ್ಜನಿಗೆ ಹೇಳಿದಾಗ ಅವರು ಟ್ರಕ್ಕನ್ನು ಪಕ್ಕಕ್ಕೆ ನಿಲ್ಲಿಸಿಯೇ ಬಿಟ್ಟರು. "ಇಷ್ಟು ವರ್ಷ ಬೇಟೆಯಾಡಿದ್ದೀನಿ, ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ" ಎಂದರು. ಮೂರು ವರ್ಷ ನಾನು ಹೇಳಿದ ಯಾವ ಮಾತಿಗೂ ಆ ಟ್ರಕ್ಕು ನಿಂತಿರಲಿಲ್ಲ.

ಅಂಗಡಿಯ ದೀಪದಲ್ಲಿ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತವೆ, ಹೊತ್ತು ಮುಳುಗುವಾಗ ಹೋಗಿ ಎಂದು ಅಜ್ಜ ಹೇಳಿದ್ದರು. ಹಾಗೆಯೇ ಹೋದೆವು. ಅಂಗಡಿಯಾತ ನಾನು ಮೆಚ್ಚಿದ ದೊಡ್ಡದೂ ನಲವತ್ತೆರಡರ ಸಣ್ಣದೂ, ಎರಡು ಸ್ಕೋಪು ಹಿಡಿದು ನಮ್ಮೊಡನೆ ಪಾರ್ಕಿಂಗಿನ ಅಂಚಿಗೆ ಬಂದ. ಹೆದ್ದಾರಿಯ ಆಚೆ ಮರಗಳ ಸಾಲು ಕಪ್ಪಾಗುತ್ತಿತ್ತು.

"ಆ ಕೊನೇ ಮರದ ಬುಡದಲ್ಲಿ ಏನಿದೆ ಹೇಳಿ" ಎಂದಳು ಹೆಂಡತಿ.

ದೊಡ್ಡ ಸ್ಕೋಪನ್ನು ಹದಿನಾರು ಪಟ್ಟಿಗೆ ತಿರುಗಿಸಿ ನೋಡಿದೆ. ಕಪ್ಪು ಮುದ್ದೆಯೊಂದು ಅಲುಗಾಡಿತು. ಸಣ್ಣದರಲ್ಲಿ ನೋಡಿದೆ. ಹಳೆಯ ಟೈರು, ಅದರೊಳಗೆ ಬೆಳೆದ ಹುಲ್ಲು, ಸ್ಪಷ್ಟವಾಗಿ ಕಂಡಿತು.

"ದೊಡ್ಡದ್ರಾಗ ಛಲೋ ಕಾಣ್ತದ" ಎಂದೆ. ದೊಡ್ಡದನ್ನೇ ಕೊಂಡೆ.

ಮರುವಾರ ಅಜ್ಜ ತಮ್ಮ ಹೆಂಡತಿಯ ರೈಫಲ್ಲನ್ನು ಕಪಾಟಿನಿಂದ ಹೊರತೆಗೆದರು. ಅದರ ಮೇಲೆ ಆರು ಪಟ್ಟಿನ ಹಳೆಯ ಸ್ಕೋಪಿತ್ತು, ನಲವತ್ತೆರಡರ ಗಾಜು. "ನನ್ನ ಜಮೀನಿನಲ್ಲಿ ಇನ್ನು ನೀನು ಇದನ್ನೇ ಬಳಸು" ಎಂದು ನನ್ನ ಹೆಂಡತಿಗೆ ಕೊಟ್ಟರು. ಆ ಕಪಾಟಿನೊಳಗೆ ಏನಿದೆ ಎಂಬುದನ್ನೂ ಅವರು ನನಗೆ ಹೇಳಿರಲಿಲ್ಲ.

ಆ ಸಂಜೆ ನನ್ನ ಹೊಸ ಸ್ಕೋಪಿನ ಗಾತ್ರಕ್ಕೆ ಅದನ್ನು ಎತ್ತರದಲ್ಲಿ ಕೂರಿಸಬೇಕಾಗಿ ಬಂದು, ಕೆನ್ನೆ ಬಂದೂಕಿಗೆ ತಾಗುತ್ತಲೇ ಇರಲಿಲ್ಲ, ಕಣ್ಣು ಸ್ಕೋಪಿನ ನೇರಕ್ಕೆ ನಿಲ್ಲುತ್ತಿರಲಿಲ್ಲ. ಗುರಿ ತೋರಿಸುವ ನಡುವಿನ ಕೆಂಪು ದೀಪದ ಚುಕ್ಕೆಯನ್ನು ಪೂರ್ತಿ ಉರಿಸಿದ್ದರಿಂದ ಅದರ ಹಿಂದಿನದೆಲ್ಲ ಅಳಿಸಿಹೋಗಿತ್ತು. ಪಕ್ಕದಲ್ಲಿ ಅವಳು ಪಿಸುಗುಟ್ಟಿದಳು: "ಮೂರು ಹಂದಿ. ಎಡಗಡೆಯದರ ಹಿಂದೆ ಮರಿಗಳಿವೆ, ಬೇಡ." ನನಗೆ ಒಂದು ಹಂದಿಯೂ ಕಂಡಿರಲಿಲ್ಲ. ಅಜ್ಜ ಅವಳ ಹೆಗಲು ತಟ್ಟಿದರು.

ಅದರ ಮುಂದಿನ ಶನಿವಾರ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅಜ್ಜ ಗೇಟು ತೆಗೆಯಲು ಹೋಗಿದ್ದರು, ಅವಳು ಬೂಟು ಬದಲಿಸುತ್ತಿದ್ದಳು. ಎರಡೂ ರೈಫಲ್ಲು ಟ್ರಕ್ಕಿನ ಹಿಂಬದಿಯಲ್ಲಿದ್ದವು. ಅವಳ ಸ್ಕೋಪಿನ ಮೇಲಿನ ಪುಟ್ಟ ಮುಚ್ಚಳ ಬಿಚ್ಚಿ, ಗುಂಡು ಬೀಳುವ ಎತ್ತರವನ್ನು ಹೊಂದಿಸುವ ತಿರುಪನ್ನು ನಾಣ್ಯದಿಂದ ತಿರುಗಿಸಿದೆ. ಟಿಕ್ ಟಿಕ್ ಎಂದು ಅದು ತಿರುಗಿತು. ಮುಚ್ಚಳ ಹಾಕಿದೆ. ಒಂದೇ ಒಂದು ಸಲ ಇವಳು ಗುರಿ ತಪ್ಪಲಿ, ಅಜ್ಜ ನೋಡಲಿ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಬೆಳಕು ಬೂದಿಯಾಗುವ ಹೊತ್ತಿಗೆ ದೊಡ್ಡ ಗಂಡು ಹಂದಿಯೊಂದು ಒಂಟಿಯಾಗಿ ಬಂತು. ಅವಳು ಉಸಿರು ಬಿಟ್ಟು ಅಲುಗಾಡದೆ ಕೂತಳು. ಆಗ ನನಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಗುಂಡು ಎದೆಗೆ ಬೀಳುವುದಿಲ್ಲ. ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಅದು ಪೊದೆಗೆ ನುಗ್ಗಿ ಕತ್ತಲಲ್ಲಿ ನರಳುತ್ತ ಬಿದ್ದಿರುತ್ತದೆ.

"ಹೊಡೀಬ್ಯಾಡ! ನಿಂದ್ರ!" ಎಂದು ಕೂಗಿದೆ.

ಹಂದಿ ಹಾರಿ ಓಡಿತು. ಅಜ್ಜ ತಿರುಗಿ ನನ್ನನ್ನು ನೋಡಿದರು.

"ಏನಾಯ್ತ್ರೀ?" ಎಂದಳು ಅವಳು.

"ನಿನ್ನ ಸ್ಕೋಪು ತಿರುವಿಟ್ಟೀನಿ."

"ಯಾರು, ನೀವಾ? ಯಾಕೆ?"

"ಹೊಟ್ಟೆಕಿಚ್ಚು. ನಿನ್ನ ಮ್ಯಾಲೆ."

ಅವಳು ಗುಂಡನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡಳು. "ಇದನ್ನೇ ಇಂಗ್ಲಿಷಲ್ಲಿ ಅವರಿಗೆ ಹೇಳಿ" ಎಂದಳು.

ಹೇಳಿದೆ. ಅಜ್ಜ ಬೈಯಲಿಲ್ಲ. ನನ್ನ ರೈಫಲ್ಲು ಇಸಿದುಕೊಂಡು ಖಾಲಿ ಮಾಡಿ ಮರಳಿ ಕೊಟ್ಟರು. "ಬೇರೆಯವರ ಬಂದೂಕಿಗೆ ಕೈ ಹಾಕುವವನನ್ನು ನಾನು ಗುಡ್ಡಕ್ಕೆ ಕರೆತರುವುದಿಲ್ಲ" ಎಂದರು, ಬಹಳ ಮೆಲ್ಲಗೆ.

ಆ ವರ್ಷ ನಾನು ಮತ್ತೆ ಹೋಗಲಿಲ್ಲ. ಅವಳು ಕಾಗದದ ಗುರಿಯ ಮೇಲೆ ಸ್ಕೋಪನ್ನು ಸರಿಮಾಡಿಕೊಂಡು ಅಜ್ಜನ ಜೊತೆ ಹೋಗುತ್ತಿದ್ದಳು. ಮನೆಯಲ್ಲಿ ನಮ್ಮ ನಡುವೆ ಅಗತ್ಯವಿದ್ದಷ್ಟೇ ಮಾತು. ಒಂದು ಶನಿವಾರ ಮನೆಗೆ ಬಂದು ಕೈ ತೊಳೆಯುತ್ತ, "ಇವತ್ತು ಒಂದು ಬಿತ್ತು, ನಿಂತಲ್ಲೇ" ಎಂದಳು. ಎಷ್ಟು ದೂರದಿಂದ ಎಂದು ಕೇಳಿದೆ. ಅವಳು ಹೇಳಿದ ದೂರ ನಾನು ಎಂದೂ ಹೊಡೆದಿರದಷ್ಟಿತ್ತು. ಪಶ್ಚಾತ್ತಾಪದ ಕೆಳಗೇ ಆ ಕಿಚ್ಚು ಹಾಗೆಯೇ ಉರಿಯುತ್ತಿದ್ದುದು ನನಗೆ ತಿಳಿಯಿತು.

ಇಲ್ಲಿಯ ಚಳಿಗಾಲದ ಮಳೆ ಮುಗಿದ ಮೇಲೆ ಅಜ್ಜ ಬಂದು ಬಾಗಿಲು ತಟ್ಟಿದರು. ಗುಡ್ಡದ ಬೇಲಿ ಬಿದ್ದಿದೆ, ತಂತಿ ಎಳೆದು ಹಿಡಿಯಲು ಒಬ್ಬರು ಬೇಕು ಎಂದರು. ನಾಲ್ಕು ಭಾನುವಾರ ತಂತಿ ಎಳೆದೆ. ಬೇಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇಸಿಗೆ ಕಳೆದ ಮೇಲೆ ಒಂದು ದಿನ, "ಬಂದೂಕು ಮನೆಯಲ್ಲೇ ಇರಲಿ, ನೀನು ಬಾ" ಎಂದರು.

ಹೋದೆ. ಅವಳು ಹೊಡೆದಳು, ಹಂದಿ ಬಿತ್ತು, ಅಜ್ಜ ಅವಳ ಕೈ ಕುಲುಕಿದರು. ನನ್ನೊಳಗೆ ಅದೇ ಹಳೆಯ ಕಿಚ್ಚು ಎದ್ದಿತು. ಅವಳು ನನ್ನ ಮುಖ ನೋಡಿ ಕೇಳಿದಳು: "ಇನ್ನೂ ಇದೆಯಾ?"

"ಅದ" ಎಂದೆ.

"ಸರಿ, ಬಾಯಿಬಿಟ್ಟು ಹೇಳಿದ್ರಲ್ಲ. ಬನ್ನಿ, ಕಾಲು ಹಿಡ್ಕೊಳ್ಳಿ, ಎಳೀಬೇಕು" ಎಂದಳು.

ಇಬ್ಬರೂ ಒಂದೊಂದು ಕಾಲು ಹಿಡಿದು ಹಂದಿಯನ್ನು ಇಳಿಜಾರಿನಲ್ಲಿ ಎಳೆದುಕೊಂಡು ಬಂದೆವು.