ಅತಿಥಿ ವೈದ್ಯರ ಗುಳಿಗೆ

ಪದವಿ ಪಡೆದೂ ಕೆಲಸವಿಲ್ಲದೆ ಕುಳಿತಿದ್ದ ನನಗೆ ಸೊಲ್ಲಾಪುರದ ಕಚೇರಿಯೊಂದು ಕೊಟ್ಟದ್ದು ದುಭಾಷಿಯ ಹಂಗಾಮಿ ಕೆಲಸ. ಹೊಸದಾಗಿ ಸ್ವತಂತ್ರವಾದ ಬಾಂಗ್ಲಾದೇಶಕ್ಕೆ ಆಗ ನಮ್ಮ ದೇಶ ಔಷಧ ಕಳಿಸುತ್ತಿತ್ತು. ನಮ್ಮ ಹಳ್ಳಿಗಳ ಆರೋಗ್ಯ ವ್ಯವಸ್ಥೆಯನ್ನು ನೋಡಿ ಕಲಿಯಲೆಂದು ಅಲ್ಲಿಂದ ಬಂದ ವೈದ್ಯರೊಬ್ಬರನ್ನು ನಾನು ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕರೆದೊಯ್ದೆ.

ದವಾಖಾನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಮಲೇರಿಯಾದಿಂದ ನಡುಗುತ್ತಿದ್ದ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಮುದುಕಿಯೊಬ್ಬಳು ಬಾಗಿಲಲ್ಲಿ ಕುಳಿತಿದ್ದಳು.

“ಗುಳಗಿ ಮುಗದಾವ, ಆಯಿ. ಮುಂದಿನ ವಾರ ಬರ್ರಿ,” ಎಂದ ಕಂಪೌಂಡರ್.

“ಜ್ವರಕ್ಕೂ ಅದನ್ನ ಹೇಳ್ರಿ ಸಾಹೇಬ, ಮುಂದಿನ ವಾರ ಬಾ ಅಂತ.”

ನಾನು ಒಂದು ಪದವನ್ನೂ ಬಿಡದೆ ಅನುವಾದಿಸಿದೆ. ವೈದ್ಯರು ಮಗುವನ್ನು ಪರೀಕ್ಷಿಸಿ, ಪ್ರಯಾಣಕ್ಕೆಂದು ಢಾಕಾದಿಂದ ತಂದಿದ್ದ ತಮ್ಮ ಡಬ್ಬಿಯಿಂದಲೇ ಗುಳಿಗೆ ತೆಗೆದುಕೊಟ್ಟರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ‘ಭಾರತದ ಜನತೆಯ ಕೊಡುಗೆ’. ನಾನು ಓದಿದ್ದನ್ನು ಕಂಡು ಅವರು ಆ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿದರು.

“ಇವ್ರ ದೇಶ ಭಾಳ ಶ್ರೀಮಂತ ಐತೇನ್ರಿ?” ಮುದುಕಿ ನನ್ನನ್ನು ಕೇಳಿದಳು.

ಈ ಪ್ರಶ್ನೆಯನ್ನು ಮಾತ್ರ ನಾನು ಅನುವಾದಿಸಲಿಲ್ಲ.

ಸಂಜೆ ಜೀಪಿನಲ್ಲಿ ಸೊಲ್ಲಾಪುರಕ್ಕೆ ಹಿಂದಿರುಗಿದೆವು. ನನ್ನ ಸಿಟ್ಟು ಅರ್ಥವಾಗುವಂಥವರು ಸೊಲ್ಲಾಪುರದಲ್ಲಿ ನನಗೆ ಯಾರೂ ಇರಲಿಲ್ಲ. ಅರ್ಥವಾಗಿದ್ದ ಒಬ್ಬರೆಂದರೆ ಆ ವೈದ್ಯರು; ಅವರು ಮರುದಿನವೇ ಢಾಕಾಕ್ಕೆ ಹೊರಟಿದ್ದರು. ಸೊಲ್ಲಾಪುರದಿಂದ ಆ ಹಳ್ಳಿಗೆ ರಸ್ತೆ ಚೆನ್ನಾಗಿಯೇ ಇದೆ. ಔಷಧ ಮಾತ್ರ ಢಾಕಾ ಸುತ್ತಿ ಬರುತ್ತದೆ.